ಕೋಳಿಯ ಕಾಳು ಕೋಳಿಗೇ ಸಿಗಲಿ

ಹಿತ್ತಲಲ್ಲಿ ಕೋಳಿ ಸಾಕುವವರಿಗೆ ಯಾವ ತಳಿ ತರಬೇಕು, ಲಸಿಕೆ ಯಾವಾಗ ಹಾಕಿಸಬೇಕು ಎಂದು ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಕಾಳು ಹಾಕುವ ಪಾತ್ರೆ ಎಂಥದ್ದಿರಬೇಕು ಎಂದು ಹೇಳುವವರು ಕಡಿಮೆ. ಪಾತ್ರೆ ತಾನೇ ಎಂದು ತಾತ್ಸಾರ ಮಾಡಿದ ಮನೆಯಲ್ಲಿ ಕೆಲವೇ ತಿಂಗಳಲ್ಲಿ ಇಲಿ, ಹೆಗ್ಗಣ ಬೀಡು ಬಿಡುತ್ತವೆ. ಅವುಗಳ ಹಿಂದೆ ನಾಗರಹಾವೂ ಕೊಳಕುಮಂಡಲವೂ ಹಿತ್ತಲಿಗೆ ಬರುತ್ತವೆ. ನಮ್ಮ ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆ ಹೊಸದಾಗಿ ಕೋಳಿ ಕಟ್ಟಿಕೊಂಡ ತಂಗಿಯರು, ತಮ್ಮಂದಿರು ಇದನ್ನೇ ಕೇಳುತ್ತಿರುತ್ತಾರೆ. ಅವರಿಗೆ ಹೇಳುವ ಮಾತುಗಳನ್ನು ಇಲ್ಲಿ ಬರೆದಿದ್ದೇನೆ.

• ಪಾತ್ರೆ ಕೊಳ್ಳುವ ಮೊದಲು ಕಾಳು ಕದಿಯುವವರು ಯಾರು ಎಂದು ತಿಳಿದುಕೊಳ್ಳಿ. ಸುಂಡಿಲಿಯ ಹಿಕ್ಕೆ ಜೀರಿಗೆಯಷ್ಟಿರುತ್ತದೆ, ಮನೆ ಇಲಿಯದು ಅದಕ್ಕಿಂತ ದಪ್ಪ, ಸುಮಾರು ಅರ್ಧ ಇಂಚು ಉದ್ದ. ಹೆಗ್ಗಣವಾದರೆ ಹಿಕ್ಕೆ ಹುಡುಕಬೇಕಾಗಿಲ್ಲ. ಗೋಡೆಯ ಬುಡದಲ್ಲೋ ಬದುವಿನಲ್ಲೋ ಮುಷ್ಟಿ ಹೋಗುವಷ್ಟು ಬಿಲ, ಬಾಯಲ್ಲಿ ಹೊಸ ಮಣ್ಣಿನ ಗುಡ್ಡೆ ಕಾಣುತ್ತದೆ. ಸಂಜೆ ಎಲ್ಲಾ ಬಿಲಗಳ ಬಾಯಿಗೂ ಹಸಿ ಮಣ್ಣು ಮೆತ್ತಿ, ಬೆಳಿಗ್ಗೆ ಎಷ್ಟು ತೆರೆದಿವೆ ನೋಡಿ. ತೆರೆದವುಗಳಲ್ಲಿ ಮಾತ್ರ ಜೀವ ಇದೆ. ಸುಂಡಿಲಿ ಇರುವ ಮನೆಗೂ ಹೆಗ್ಗಣ ಇರುವ ಮನೆಗೂ ಪಾತ್ರೆ ಒಂದೇ ಆಗುವುದಿಲ್ಲ. ಸುಂಡಿಲಿ ಪೆನ್ಸಿಲ್ ತೂರುವಷ್ಟು ಸಂದಿಯಲ್ಲಿ ನುಸುಳುತ್ತದೆ. ಹೆಗ್ಗಣ ಸಂದಿ ಹುಡುಕುವುದಿಲ್ಲ, ಅಗೆದು, ಕಡಿದು ದಾರಿ ಮಾಡಿಕೊಳ್ಳುತ್ತದೆ.

• ಎರಡನೆಯದಾಗಿ ಒಂದು ಪ್ರಶ್ನೆ ಕೇಳಿಕೊಳ್ಳಿ: ಸಂಜೆ ಹೊತ್ತು ಮುಳುಗುವಾಗ ಮನೆಯಲ್ಲಿ ಯಾರಿರುತ್ತಾರೆ? ಕೋಳಿ ಹಗಲು ತಿನ್ನುತ್ತದೆ, ಕತ್ತಲಾಗುತ್ತಲೇ ಗೂಡು ಸೇರುತ್ತದೆ. ಇಲಿ, ಹೆಗ್ಗಣಗಳು ಓಡಾಡುವುದು ಹೆಚ್ಚಾಗಿ ರಾತ್ರಿ. ಹಾಗಾಗಿ ರಾತ್ರಿ ಪಾತ್ರೆಯಲ್ಲಿ ಉಳಿದ ಒಂದೊಂದು ಕಾಳೂ ಇಲಿಗೇ ಇಟ್ಟ ಹಾಗೆ. ದಿನಾ ಸಂಜೆ ಪಾತ್ರೆ ಎತ್ತಿ ಒಳಗಿಡುವ ಒಬ್ಬರು ಮನೆಯಲ್ಲಿದ್ದರೆ ದುಬಾರಿ ಫೀಡರ್ ಬೇಡವೇ ಬೇಡ, ಅಗಲವಾದ ಕಬ್ಬಿಣದ ಬಾಣಲೆಯೇ ಸಾಕು. ಅಡಿಕೆ ಕೊಯ್ಲಿನ ದಿನಗಳಲ್ಲಿ ಮನೆಮಂದಿಯೆಲ್ಲ ಸುಲಿಯುವುದು, ಬೇಯಿಸುವುದು ಎಂದು ರಾತ್ರಿಯವರೆಗೂ ಖೇಣಿ ಮನೆಯಲ್ಲೇ ಇರುತ್ತೀರಿ ಎಂದಾದರೆ ಆಗ ತಾನಾಗಿ ಮುಚ್ಚಿಕೊಳ್ಳುವ ಫೀಡರ್ ವಿಚಾರ ಮಾಡಿ.

• ಹತ್ತರ ಒಳಗೆ ನಾಟಿ ಕೋಳಿ ಇದ್ದು, ಅವು ಹಗಲೆಲ್ಲ ಹಿತ್ತಲು, ತಿಪ್ಪೆ, ತೋಟ ಕೆದರಿ ಮೇಯುತ್ತಿದ್ದರೆ ಫೀಡರೇ ಬೇಕಿಲ್ಲ. ಬೆಳಿಗ್ಗೆ ಒಂದು ಸಲ, ಸಂಜೆ ಗೂಡಿಗೆ ಹೋಗುವ ಒಂದು ತಾಸು ಮೊದಲು ಇನ್ನೊಂದು ಸಲ ಕೈಯಾರೆ ಹಾಕಿ. ಕಾಲು ಗಂಟೆಯಲ್ಲಿ ಖಾಲಿ ಮಾಡುವಷ್ಟೇ ಹಾಕಬೇಕು. ಕೋಳಿಗಳಿಗೂ ಕರೆದಾಗ ಓಡಿ ಬರುವ ರೂಢಿಯಾಗುತ್ತದೆ. ಯಾವುದು ಮಂಕಾಗಿ ನಿಂತಿದೆ, ಯಾವುದು ಬಂದಿಲ್ಲ ಎಂಬುದೂ ಆಗಲೇ ಗೊತ್ತಾಗುತ್ತದೆ. ಇದನ್ನು ಯಾವ ಫೀಡರೂ ಮಾಡಿಕೊಡುವುದಿಲ್ಲ.

• ಇಪ್ಪತ್ತು, ಮೂವತ್ತು ಕೋಳಿಯನ್ನು ಕಟ್ಟಿ ಸಾಕುವವರ ಲೆಕ್ಕ ಬೇರೆ. 1989ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ, ಆಮೇಲೆ 2005ರಲ್ಲಿ ಬಂದ ಸ್ವರ್ಣಧಾರ, ಇಂಥ ಮೈಗೂಡುವ ತಳಿಗಳು ಮೇಯ್ದು ಬಂದದ್ದರಲ್ಲೇ ಹೊಟ್ಟೆ ತುಂಬಿಸಿಕೊಳ್ಳುವುದಿಲ್ಲ. ಬೆಳೆದ ಕೋಳಿಗೆ ದಿನಕ್ಕೆ ನೂರರಿಂದ ನೂರಿಪ್ಪತ್ತು ಗ್ರಾಂ ಆಹಾರ ಬೇಕು. ಒಂದು ಇಲಿ ದಿನಕ್ಕೆ ಇಪ್ಪತ್ತು ಗ್ರಾಂ ತಿಂದರೂ ಹತ್ತು ಇಲಿ ಸೇರಿ ತಿಂಗಳಿಗೆ ಆರು ಕೆಜಿ ಮುಗಿಸುತ್ತವೆ. ತಿಂದದ್ದಕ್ಕಿಂತ ಉಚ್ಚೆ, ಹಿಕ್ಕೆ ಬಿದ್ದು ಹಾಳಾಗುವುದೇ ಹೆಚ್ಚು. ಇಂಥ ಮನೆಗೆ ಒಳ್ಳೆಯ ಫೀಡರ್ ದಂಡದ ಖರ್ಚಲ್ಲ.

• ಅಂಗಡಿಯಲ್ಲಿ ಮೊದಲು ತೋರಿಸುವುದು ಕೆಂಪು ತಟ್ಟೆಯ, ದುಂಡನೆಯ, ನೇತುಹಾಕುವ ಪ್ಲಾಸ್ಟಿಕ್ ಫೀಡರ್. ಅದು ಫಾರಂನವರಿಗೆ ಮಾಡಿದ್ದು. ಕಾಳು ಚೆಲ್ಲುವುದನ್ನು ಕಡಿಮೆ ಮಾಡುತ್ತದೆ ನಿಜ, ಇಲಿಯನ್ನು ಮಾತ್ರ ತಡೆಯುವುದಿಲ್ಲ. ಕೋಳಿಗೆ ಎಟುಕಬೇಕಾದರೆ ತಟ್ಟೆಯ ಅಂಚು ಅದರ ಬೆನ್ನಿನ ಮಟ್ಟದಲ್ಲಿರಬೇಕು. ಆ ಎತ್ತರಕ್ಕೆ ಇಲಿ ಹಿಂಗಾಲಲ್ಲಿ ನಿಂತರೂ ಸಾಕು. ಕೊಂಡು ಆಗಿದೆ ಎಂದರೆ ಎಸೆಯಬೇಡಿ. ಮೇಲೆ ಒಂದು ಚಿಕ್ಕ ರಾಟೆ ಕಟ್ಟಿ, ಸಂಜೆ ಹಗ್ಗ ಎಳೆದು ನೆಲದಿಂದ ನಾಲ್ಕಡಿ ಮೇಲೆ, ಗೋಡೆಯಿಂದಲೂ ಅಷ್ಟೇ ದೂರದಲ್ಲಿ ತೂಗುವ ಹಾಗೆ ಮಾಡಿ. ಇಲಿ ಎರಡೂವರೆ, ಮೂರಡಿ ಎತ್ತರಕ್ಕೆ ಜಿಗಿಯಬಲ್ಲದು. ಹಗ್ಗದ ಮೇಲಿಂದ ಇಳಿದು ಬರದ ಹಾಗೆ, ತೆಂಗಿನ ಮರಕ್ಕೆ ತಗಡು ಸುತ್ತುತ್ತೇವಲ್ಲ, ಅದೇ ತಗಡಿನಲ್ಲಿ ಊಟದ ತಟ್ಟೆಗಿಂತ ಅಗಲದ ಬಿಲ್ಲೆ ಕತ್ತರಿಸಿ ಫೀಡರಿನ ಮೇಲ್ಗಡೆ ಹಗ್ಗಕ್ಕೆ ಪೋಣಿಸಿ.

• ಪಿವಿಸಿ ಪೈಪಿಗೆ ಎಲ್ಬೋ ಹಾಕಿ ಗೋಡೆಗೆ ನಿಲ್ಲಿಸುವ ಫೀಡರನ್ನು ಈಗ ಹುಡುಗರು ಮನೆಯಲ್ಲೇ ಮಾಡಿಕೊಳ್ಳುತ್ತಾರೆ. ಖರ್ಚು ಕಡಿಮೆ, ಮಳೆಗೆ ಕಾಳು ನೆನೆಯುವುದೂ ಕಡಿಮೆ. ಆದರೆ ರಾತ್ರಿ ಬಾಯಿ ತೆರೆದಿದ್ದರೆ ಇಲಿ ಒಳಗೇ ಕೂತು ತಿನ್ನುತ್ತದೆ. ಬಾಯಿಗೆ ಎಂಡ್ ಕ್ಯಾಪ್ ತಂದು, ದಿನಾ ಸಂಜೆ ತಪ್ಪದೆ ಹಾಕಬೇಕು. ಇಲಿಯ ಮುಂಭಾಗದ ಹಲ್ಲು ಜೀವಮಾನವಿಡೀ ಬೆಳೆಯುತ್ತಲೇ ಇರುತ್ತದೆ, ಅದನ್ನು ಸವೆಸಲು ಇಲಿ ಏನಾದರೂ ಕಡಿಯುತ್ತಲೇ ಇರಬೇಕು. ಕ್ಯಾಪಿನ ಅಂಚು ಕಡಿದಿದೆಯೇ ಎಂದು ಆಗಾಗ ಕೈಯಾಡಿಸಿ ನೋಡಿ. ಹೆಗ್ಗಣ ಇರುವ ಮನೆಗೆ ಪ್ಲಾಸ್ಟಿಕ್ ಯಾವುದೂ ಬೇಡ ಎಂದೇ ನನ್ನ ಅಭಿಪ್ರಾಯ.

• ಇನ್ನು ಪೆಡಲ್ ಫೀಡರ್. ನ್ಯೂಜಿಲೆಂಡ್, ಆಸ್ಟ್ರೇಲಿಯ, ಅಮೆರಿಕದ ಹಿತ್ತಲುಗಳಲ್ಲಿ ಬಳಕೆಗೆ ಬಂದು ಈಗ ನಮ್ಮಲ್ಲೂ ಆನ್‌ಲೈನಿನಲ್ಲಿ ಕಾಣುತ್ತಿದೆ. ತಗಡಿನ ಪೆಟ್ಟಿಗೆ, ಮುಂದೆ ಒಂದು ಮೆಟ್ಟುಹಲಗೆ. ಕೋಳಿ ಹಲಗೆಯ ಮೇಲೆ ನಿಂತರೆ ಮುಚ್ಚಳ ತೆರೆಯುತ್ತದೆ, ಇಳಿದರೆ ಮುಚ್ಚಿಕೊಳ್ಳುತ್ತದೆ. ಇಲಿ ಹಗುರ, ಅದು ನಿಂತರೆ ಹಲಗೆ ಕೆಳಗಿಳಿಯುವುದಿಲ್ಲ, ಇದೇ ಅದರ ಯುಕ್ತಿ. ನೂರು, ಇನ್ನೂರು ಗ್ರಾಂ ತೂಗುವ ಮನೆ ಇಲಿಯ ಮಟ್ಟಿಗೆ ಇದು ಸರಿಯಾದ ಲೆಕ್ಕವೇ.

ನಮ್ಮ ಕಡೆ ಲೆಕ್ಕ ತಪ್ಪುವುದು ಹೆಗ್ಗಣದಿಂದ. ದೊಡ್ಡ ಜಾತಿಯ ಹೆಗ್ಗಣ ಅರ್ಧ ಕೆಜಿ ದಾಟಿ ಒಂದು ಕೆಜಿಯ ಹತ್ತಿರ ತೂಗುವುದೂ ಉಂಟು. ನಮ್ಮ ನಾಟಿ ಹೇಂಟೆ ತೂಗುವುದು ಒಂದು, ಒಂದೂವರೆ ಕೆಜಿ. ಎಳೆ ಹೇಂಟೆ ಅದಕ್ಕಿಂತಲೂ ಕಡಿಮೆ. ಪರದೇಶದ ಎರಡೂವರೆ, ಮೂರು ಕೆಜಿ ಕೋಳಿಗೆ ಹೊಂದಿಸಿದ ಪೆಡಲ್ ಮೇಲೆ ನಮ್ಮ ನಾಟಿ ಹೇಂಟೆ ನಿಂತರೆ ಮುಚ್ಚಳ ಏಳುವುದೇ ಇಲ್ಲ. ನಾಟಿಗೆಂದು ಸ್ಪ್ರಿಂಗ್ ಸಡಿಲ ಮಾಡಿದಿರೋ, ಹೆಗ್ಗಣಕ್ಕೂ ತೆರೆದುಕೊಳ್ಳುತ್ತದೆ. ಆದ್ದರಿಂದ ಬರೀ ತೂಕ ನಂಬಿ ಪೆಡಲ್ ಫೀಡರ್ ಕೊಳ್ಳಬೇಡಿ. ನೋಡಬೇಕಾದದ್ದು ದೂರ. ಮೆಟ್ಟುಹಲಗೆಗೂ ಕಾಳಿನ ಬಾಯಿಗೂ ನಡುವೆ ಒಂದು ಗೇಣಿಗೆ ಕಡಿಮೆ ಇರಬಾರದು, ಬಾಯಿ ಹಲಗೆಗಿಂತ ಮೇಲಿರಬೇಕು. ಕೋಳಿಗೆ ಕತ್ತಿದೆ, ಹಲಗೆಯ ಮೇಲೆ ನಿಂತೇ ಮುಂದೆ ಚಾಚುತ್ತದೆ. ಹೆಗ್ಗಣಕ್ಕೆ ಅಷ್ಟು ಉದ್ದದ ಕತ್ತಿಲ್ಲ, ಕಾಳಿಗೆ ಬಾಯಿ ಹಾಕಬೇಕಾದರೆ ಮೈಯನ್ನೇ ಮುಂದಕ್ಕೆ ತರಬೇಕು, ಹಾಗೆ ತಂದ ಕೂಡಲೇ ಹಲಗೆಯ ಮೇಲಿನ ಭಾರ ತಪ್ಪಿ ಮುಚ್ಚಳ ಬೀಳುತ್ತದೆ. ಹಲಗೆ ಕಿರಿದಾಗಿರಲಿ. ಅಗಲವಾದ ಹಲಗೆಯ ಮೇಲೆ ನಾಲ್ಕಾರು ಇಲಿ ಒಟ್ಟಿಗೆ ಕೂತರೆ ಅವುಗಳ ತೂಕವೂ ಕೂಡುತ್ತದೆ.

• ಕೊಳ್ಳುವ ಮುಂಚೆ ನೀರಿನ ಬಾಟಲಿಯಿಂದ ಪರೀಕ್ಷೆ ಮಾಡಿ. ಅರ್ಧ ಲೀಟರ್ ತುಂಬಿದ ಬಾಟಲಿಯನ್ನು ಹಲಗೆಯ ತುದಿಯಲ್ಲಿಟ್ಟರೆ ಮುಚ್ಚಳ ಅಲುಗಬಾರದು. ಒಂದು ಲೀಟರ್ ಇಟ್ಟರೆ ಪೂರ್ತಿ ತೆರೆಯಬೇಕು. ಆಮೇಲೆ ಹಲಗೆ ಮುಟ್ಟದೆ, ಮುಚ್ಚಳದ ಕೆಳ ಅಂಚನ್ನು ಒಂದು ಬೆರಳಲ್ಲಿ ಎತ್ತಿ ನೋಡಿ. ಸುಲಭವಾಗಿ ಎದ್ದರೆ ಇಲಿಯೂ ಮೂತಿಯಿಂದ ಎತ್ತುತ್ತದೆ, ಅಂಥದ್ದನ್ನು ಅಲ್ಲೇ ಬಿಟ್ಟು ಬನ್ನಿ.

• ಎಂಥ ಪೆಡಲ್ ಫೀಡರ್ ಆದರೂ ಒಂದು ಚಿಲಕ ಹಾಕಿಸಿ. ಅರ್ಧ ಕೆಜಿಯಿಂದ ಒಂದು ಕೆಜಿಯೊಳಗಿನ ಹೆಗ್ಗಣಕ್ಕೆ ಭದ್ರವಾದ ಉತ್ತರ ಅದೊಂದೇ. ಸಂಜೆ ಯಾರಾದರೂ ಸಿಕ್ಕ ದಿನ ಚಿಲಕ ಬೀಳಲಿ, ಸಿಗದ ದಿನ ಪೆಡಲ್ ಕಾಯಲಿ.

• ಊರಿನ ವೆಲ್ಡಿಂಗ್ ಶಾಪಿನಲ್ಲೇ ಮಾಡಿಸಬಹುದು, ಅದೇ ಒಳ್ಳೆಯದು. ನಿಮ್ಮ ಕೋಳಿಯ ಎತ್ತರಕ್ಕೆ, ತೂಕಕ್ಕೆ ಹೊಂದಿಸಿ ಮಾಡಿಕೊಡುತ್ತಾರೆ, ಕೆಟ್ಟರೆ ಅಲ್ಲೇ ರಿಪೇರಿ. ಹೇಳಬೇಕಾದದ್ದು ಇಷ್ಟು. ಜಿಐ ತಗಡು 24 ಅಥವಾ 26 ಗೇಜ್ ಇರಲಿ. ಗೇಜ್ ಸಂಖ್ಯೆ ಕಡಿಮೆಯಾದಷ್ಟೂ ತಗಡು ದಪ್ಪ ಎಂಬುದು ನೆನಪಿರಲಿ, 30 ಗೇಜ್ ತೋರಿಸಿದರೆ ಬೇಡ ಎನ್ನಿ. ಸುಂಡಿಲಿ ಇರುವ ಮನೆಯಾದರೆ ಯಾವ ಜೋಡಣೆಯಲ್ಲೂ ಪೆನ್ಸಿಲ್ ತೂರುವ ಸಂದಿ ಉಳಿಯಬಾರದು. ಅಂಚುಗಳನ್ನೆಲ್ಲ ಒಳಕ್ಕೆ ಮಡಿಸಬೇಕು, ಇಲ್ಲದಿದ್ದರೆ ಕೋಳಿಯ ಜುಟ್ಟು, ಕತ್ತು ಕೊಯ್ದುಕೊಳ್ಳುತ್ತದೆ. ಮೆಟ್ಟುಹಲಗೆಯ ಎರಡೂ ಪಕ್ಕ ಕಾಳಿನ ಬಾಯಿಗೆ ತಗಡಿನ ರೆಕ್ಕೆ ಇರಲಿ, ಪಕ್ಕದಿಂದ ಯಾರೂ ಮೂತಿ ತೂರಿಸದ ಹಾಗೆ. ಮುಚ್ಚಳ ಮೇಲಿನಿಂದ ಕತ್ತಿಯ ಹಾಗೆ ಬೀಳುವುದು ಬೇಡ. ಹಿಂದಕ್ಕೆ ಹೊರಳಿ ತೆರೆಯುವಂಥದ್ದು ಮಾಡಿಸಿ, ಬೀಳುವ ಕಡೆ ಹಳೆಯ ಸೈಕಲ್ ಟ್ಯೂಬಿನ ತುಂಡು ಅಂಟಿಸಿ. ಪೆಟ್ಟಿನ ಸದ್ದೂ ಕಡಿಮೆಯಾಗುತ್ತದೆ, ಕೋಳಿಯೂ ಬೆದರುವುದಿಲ್ಲ. ಪೆಟ್ಟಿಗೆಯನ್ನು ಗೋಡೆಗೋ ಕಂಬಕ್ಕೋ ಬೋಲ್ಟ್ ಹಾಕಿ ಬಿಗಿಯಬೇಕು. ಮೂರು ಕೋಳಿ ಒಟ್ಟಿಗೆ ಹತ್ತಿದರೆ ಖಾಲಿಯಾಗುತ್ತ ಬಂದ ಪೆಟ್ಟಿಗೆ ಮುಂದಕ್ಕೆ ಮಗುಚುತ್ತದೆ.

• ಹೊಸ ಫೀಡರ್ ತಂದ ದಿನವೇ ಹಳೆಯ ಪಾತ್ರೆ ತೆಗೆದು ಕೋಳಿಗಳನ್ನು ಉಪವಾಸ ಕೆಡವಬೇಡಿ. ಮೊದಲ ವಾರ ಮುಚ್ಚಳಕ್ಕೆ ಕಲ್ಲೋ ಕಡ್ಡಿಯೋ ಕೊಟ್ಟು ಪೂರ್ತಿ ತೆರೆದಿಡಿ. ಎರಡನೇ ವಾರ ಅರ್ಧ ಇಳಿಸಿ, ಹಲಗೆ ತುಳಿದಾಗ ಅದು ಅಲ್ಲಾಡುವುದು ಅವುಗಳಿಗೆ ರೂಢಿಯಾಗಲಿ. ಆಮೇಲೆ ಪೂರ್ತಿ ಬಿಡಿ. ಗುಂಪಿನಲ್ಲಿ ಒಂದು ಧೈರ್ಯದ ಹೇಂಟೆ ಕಲಿತರೆ ಉಳಿದವು ನೋಡಿ ಕಲಿಯುತ್ತವೆ. ಈ ದಿನಗಳಲ್ಲೂ ರಾತ್ರಿ ಮುಚ್ಚುವುದನ್ನು ಮಾತ್ರ ತಪ್ಪಿಸಬೇಡಿ.

• ಮರಿಗಳಿಗೆ ಪೆಡಲ್ ಫೀಡರ್ ಕೊಡಲೇಬೇಡಿ. ಹಲಗೆಯ ಮೇಲೆ ದೊಡ್ಡ ಕೋಳಿ ನಿಂತಾಗ ಮರಿ ತಲೆ ಹಾಕುತ್ತದೆ, ದೊಡ್ಡದು ಇಳಿದರೆ ಮುಚ್ಚಳ ಮರಿಯ ಕತ್ತಿನ ಮೇಲೆ. ಮೂರು ತಿಂಗಳವರೆಗೆ ತಾಯಿ, ಮರಿಗಳಿಗೆ ಬೇರೆ ತಟ್ಟೆ ಇಟ್ಟು, ತಿಂದ ಮೇಲೆ ಎತ್ತಿಬಿಡಿ. ರಾತ್ರಿ ಮರಿಗಳನ್ನು ಬರೀ ಮಂಕರಿ ಕವುಚಿ ಮಲಗಿಸಿದರೆ ಹೆಗ್ಗಣ ಅಡಿಯಿಂದ ಅಗೆದು ಬರುತ್ತದೆ. ಮಂಕರಿಯನ್ನು ಕಲ್ಲುಹಾಸಿನ ಮೇಲಿಟ್ಟು, ಮೇಲೆ ಭಾರ ಹೇರಿ.

• ಫೀಡರನ್ನು ಎಲ್ಲಿಡಬೇಕು ಎಂಬುದು ಊರಿಂದ ಊರಿಗೆ ಬೇರೆ. ಚನ್ನಗಿರಿ ಕಡೆ ತೋಟದ ಮನೆಗಳ ಪಕ್ಕ ಅಡಿಕೆ ಸಿಪ್ಪೆಯ ರಾಶಿ ಬಿದ್ದಿರುತ್ತದೆ. ಬೆಚ್ಚಗಿನ ಒಣ ಜಾಗ, ಇಲಿಗೆ ಇದಕ್ಕಿಂತ ಒಳ್ಳೆಯ ಮನೆ ಬೇರೆ ಬೇಡ. ಆ ರಾಶಿಯಿಂದ ಫೀಡರ್ ಆದಷ್ಟು ದೂರವಿರಲಿ, ನಡುವೆ ಬಯಲು ನೆಲ ಇರಲಿ. ಇಲಿ ಬಯಲು ದಾಟಲು ಹೆದರುತ್ತದೆ, ಗೋಡೆಯಂಚು ಹಿಡಿದೇ ಓಡಾಡುತ್ತದೆ. ಹೊನ್ನಾಳಿಯಲ್ಲಿ ತುಂಗಭದ್ರೆಯ ದಂಡೆ, ಭದ್ರಾ ನಾಲೆಯ ಬತ್ತದ ಗದ್ದೆಗಳು ಹೆಗ್ಗಣದ ತವರು. ಗದ್ದೆ ಕೊಯ್ದ ಮೇಲೆ ಬದುವಿನಲ್ಲಿದ್ದವೆಲ್ಲ ಊರ ಕಡೆ, ಹುಲ್ಲಿನ ಬಣವೆಗೆ ಬರುತ್ತವೆ. ಹೊಳೆ ತುಂಬಿ ಗದ್ದೆಗೆ ನೀರು ನುಗ್ಗಿದಾಗಲೂ ಹಾಗೆಯೇ. ಕೊಯ್ಲಿಗೆ ಮುಂಚೆಯೇ ಫೀಡರ್, ಗೂಡು ಎರಡನ್ನೂ ಭದ್ರ ಮಾಡಿಕೊಳ್ಳಿ, ಬಣವೆಯ ಮಗ್ಗುಲಲ್ಲಿ ಕಾಳು ಹಾಕಬೇಡಿ.

ನ್ಯಾಮತಿ ಕಡೆ ಮೆಕ್ಕೆಜೋಳ. ರಾಜ್ಯದಲ್ಲಿ ಮೆಕ್ಕೆಜೋಳ ಹೆಚ್ಚು ಬೆಳೆಯುವ ಜಿಲ್ಲೆಗಳಲ್ಲಿ ನಮ್ಮದೂ ಒಂದು, ಸುಗ್ಗಿಯಲ್ಲಿ ಮನೆಯಂಗಳದ ತುಂಬ ತೆನೆಯ ರಾಶಿ. ರಾಶಿ ಬಯಲಿನಲ್ಲಿ ಬಿದ್ದಿರುವಾಗ ಎಂಥ ಫೀಡರ್ ತಂದೂ ಉಪಯೋಗವಿಲ್ಲ, ಮೊದಲು ತೆನೆ ಬಿಡಿಸಿ ಚೀಲಕ್ಕೆ ತುಂಬಿ ಅಟ್ಟಣಿಗೆಯ ಮೇಲಿಡಿ. ಜಗಳೂರು ಒಣ ಸೀಮೆ. ಅಲ್ಲಿ ಇಲಿ ಬರುವುದು ಕಾಳಿಗೆ ಎಷ್ಟೋ ನೀರಿಗೂ ಅಷ್ಟೇ. ಬೇಸಿಗೆಯಲ್ಲಿ ಕೋಳಿಯ ನೀರಿನ ತಟ್ಟೆಯನ್ನೂ ರಾತ್ರಿ ಬರಿದು ಮಾಡಿ ಕವುಚಿಡಿ, ಬೆಳಿಗ್ಗೆ ಬೆಳಕು ಹರಿಯುತ್ತಲೇ ಮೊದಲ ಕೆಲಸವಾಗಿ ತುಂಬಿಸಿ.

• ಫೀಡರ್ ಭದ್ರವಾಗಿದ್ದು ಕಾಳಿನ ಚೀಲ ಮೂಲೆಯಲ್ಲಿ ಬಿದ್ದಿದ್ದರೆ ಪ್ರಯೋಜನವಿಲ್ಲ. ನಮ್ಮ ಹಿರಿಯರು ಜೋಳವನ್ನು ಹಗೇವಿನಲ್ಲಿ ತುಂಬಿ ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಮನೆಯೊಳಗೆ ಮಣ್ಣಿನ ವಾಡೆ, ಕಣಜ ಇರುತ್ತಿದ್ದವು. ಈಗ ಅಷ್ಟು ದೊಡ್ಡದು ಬೇಕಿಲ್ಲ. ಹೋಟೆಲಿನವರು ಮಾರುವ ಹದಿನೈದು ಕೆಜಿಯ ಖಾಲಿ ಎಣ್ಣೆ ಡಬ್ಬ ತಂದು, ಬಿಸಿನೀರು ಸೀಗೆ ಹಾಕಿ ತೊಳೆದು, ಬಿಸಿಲಿಗೆ ಒಣಗಿಸಿ, ಬಿಗಿಯಾದ ತಗಡಿನ ಮುಚ್ಚಳ ಮಾಡಿಸಿ. ಕೋಳಿ ಹೆಚ್ಚಿದ್ದರೆ ಮುಚ್ಚಳದ ಕಬ್ಬಿಣದ ಡ್ರಮ್. ನುಚ್ಚು, ತೌಡು, ಮೆಕ್ಕೆಜೋಳ ಚೆನ್ನಾಗಿ ಒಣಗಿದ ಮೇಲೆಯೇ ತುಂಬಬೇಕು. ತೇವ ಇದ್ದು ಬೂಷ್ಟು ಹಿಡಿದ ಮೆಕ್ಕೆಜೋಳ, ಶೇಂಗಾ ಹಿಂಡಿಯಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟಿ ಕೋಳಿಯ ಪಿತ್ತಜನಕಾಂಗ ಕೆಡಿಸುತ್ತದೆ. ಬೂಷ್ಟು ಬಂದದ್ದನ್ನು ಕೋಳಿಗೆ ಹಾಕಿ ಮುಗಿಸೋಣ ಎನ್ನಬೇಡಿ.

• ಚೆಲ್ಲಿದ ಕಾಳಿನ ಕಡೆ ಕಣ್ಣಿಡಿ. ಫೀಡರಿನ ತಟ್ಟೆಯನ್ನು ಮೂರನೇ ಒಂದು ಪಾಲಿಗಿಂತ ಹೆಚ್ಚು ತುಂಬಿದರೆ ಕೋಳಿ ಕೊಕ್ಕಿನಿಂದ ಅತ್ತಿತ್ತ ಎಳೆದು ಚೆಲ್ಲುತ್ತದೆ, ಬೇಕಾದ ಕಾಳು ಆರಿಸಿ ಉಳಿದದ್ದು ನೆಲಕ್ಕೆ. ತಟ್ಟೆಗೆ ಅಡ್ಡಕ್ಕೆ ನಾಲ್ಕು ಕಂಬಿ ಹಾಕಿಸಿದರೆ ಎಳೆಯುವುದು ನಿಲ್ಲುತ್ತದೆ. ಫೀಡರಿನ ಕೆಳಗಿನ ನೆಲ ಗಟ್ಟಿಯಾಗಿದ್ದರೆ ಸಂಜೆ ಒಂದು ಸಲ ಪೊರಕೆ ಆಡಿಸಿದರೆ ಸಾಕು. ಮಣ್ಣಿನ ನೆಲದಲ್ಲಿ ಕಾಳು ಸೇರಿಹೋಗಿ, ಇಲಿ ಅದನ್ನೇ ಕೆದರುತ್ತ ರಾತ್ರಿ ಕಳೆಯುತ್ತದೆ.

• ಗೂಡಿಗೆ ಹೊಡೆಯುವ ಆರು ಮೂಲೆ ಕಣ್ಣಿನ ಕೋಳಿ ಜಾಲರಿ ಕೋಳಿಯನ್ನು ಒಳಗಿಡುತ್ತದೆ, ಇಲಿಯನ್ನು ಹೊರಗಿಡುವುದಿಲ್ಲ. ವೆಲ್ಡ್ ಮೆಶ್ ತನ್ನಿ. ಇಲಿಗೆ ಅರ್ಧ ಇಂಚಿನ ಕಣ್ಣು, ಸುಂಡಿಲಿಗೆ ಕಾಲು ಇಂಚಿನದು. ನೆಲದೊಳಗೆ ಒಂದಡಿ ಇಳಿಸಿ, ತುದಿಯನ್ನು ಹೊರಕ್ಕೆ ಮಡಿಸಿ ಮಣ್ಣು ಮುಚ್ಚಿ.

• ಇಲಿ ಪಾಷಾಣದ ಸಹವಾಸ ಕೋಳಿ ಇರುವ ಹಿತ್ತಲಲ್ಲಿ ಬೇಡ. ಕರಿ ಪುಡಿಯಾಗಿ ಸಿಗುವ ಜಿಂಕ್ ಫಾಸ್ಫೈಡ್ ಹೊಟ್ಟೆಗೆ ಹೋದರೆ ವಿಷದ ಗಾಳಿಯಾಗಿ ಮಾರ್ಪಡುತ್ತದೆ, ಅದಕ್ಕೆ ಮದ್ದಿಲ್ಲ. ಅದನ್ನು ಬೆರೆಸಿದ ಕಾಳು ಇಲಿ ಎಳೆದು ಚೆಲ್ಲಿದರೆ ಬೆಳಿಗ್ಗೆ ತಿನ್ನುವುದು ಕೋಳಿಯೇ, ಇಲ್ಲವೇ ಆಡುವ ಮಗು. ಬ್ರೊಮಾಡಿಯೋಲೋನ್ ಬಿಲ್ಲೆ ನಿಧಾನದ ವಿಷ; ಅದನ್ನು ತಿಂದು ಸಾಯುತ್ತಿರುವ ಇಲಿಯನ್ನು ಹಿಡಿದ ಬೆಕ್ಕು, ನಾಯಿ, ಗೂಬೆಗೂ ಅದೇ ಗತಿ. ಹೊನ್ನಾಳಿಯ ಗದ್ದೆಗಳಲ್ಲಿ ಗೂಬೆ ಕೂರಲೆಂದು ಕಂಬ ನೆಡುವ ರೈತರಿದ್ದರೆ ಅವರ ಶ್ರಮವನ್ನು ಪಕ್ಕದ ಮನೆಯ ಪಾಷಾಣ ಹಾಳು ಮಾಡಬಾರದು. ಹಿಡಿಯಲೇಬೇಕಾದರೆ ಬೋನು ಇಡಿ, ಗೋಡೆಯಂಚಿಗೆ, ಕೋಳಿಗೆ ಎಟುಕದ ಹಾಗೆ. ಗದ್ದೆಗೆ ಮದ್ದು ಇಡಬೇಕಾದರೆ ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರದವರನ್ನೋ ರೈತ ಸಂಪರ್ಕ ಕೇಂದ್ರದವರನ್ನೋ ಕೇಳಿಯೇ ಇಡಿ.

• ಫೀಡರ್ ಬದಲಾಯಿಸಿದ ವಾರವೇ ಬೋನು ಇಡುವುದು ಜಾಣತನ. ಬೇರೆ ತಿನಿಸು ಸಿಗದ ಇಲಿ ಬೋನಿನ ಕೊಬ್ಬರಿ ಚೂರಿಗೆ ಬೇಗ ಬರುತ್ತದೆ. ಆದರೆ ಅದೇ ಹಸಿವಿನಲ್ಲಿ ಮೊಟ್ಟೆಗೂ ಮರಿಗೂ ಕೈ ಹಾಕುತ್ತದೆ. ಆ ದಿನಗಳಲ್ಲಿ ಮೊಟ್ಟೆಯನ್ನು ಮಧ್ಯಾಹ್ನ, ಸಂಜೆ ಎರಡು ಸಲ ಎತ್ತಿ, ಕಾವಿಗೆ ಕೂತ ಹೇಂಟೆಯ ಬುಟ್ಟಿಯನ್ನು ಬಾಗಿಲು ಹಾಕುವ ಕೋಣೆಯಲ್ಲಿಡಿ. ಮೊದಲ ನಾಲ್ಕು ದಿನ ಇಲಿ ಕಾಣಲಿಲ್ಲ ಎಂದು ನಿಶ್ಚಿಂತರಾಗಬೇಡಿ. ಹೊಸ ವಸ್ತು ಕಂಡರೆ ಇಲಿಗೆ ಸಂಶಯ, ಕೆಲವು ದಿನ ಹತ್ತಿರ ಸುಳಿಯುವುದಿಲ್ಲ. ಫೀಡರ್ ಕೆಲಸ ಮಾಡಿದೆಯೋ ಇಲ್ಲವೋ ತಿಳಿಯಲು ಮೂರು ವಾರ ಬೇಕು.

• ವಾರಕ್ಕೊಮ್ಮೆ ಫೀಡರ್ ಬರಿದು ಮಾಡಿ ತೊಳೆದು ಬಿಸಿಲಿಗಿಡಿ. ಮಳೆಗಾಲದಲ್ಲಿ ಇಲಿ ಉಚ್ಚೆಯಿಂದ ಇಲಿ ಜ್ವರ ಬರುತ್ತದೆ. ಕೈಯಲ್ಲಿ, ಕಾಲಲ್ಲಿ ಗಾಯ ಇದ್ದವರು ಬರಿಗೈಯಲ್ಲಿ ತೊಳೆಯಬೇಡಿ, ಬರಿಗಾಲಲ್ಲಿ ಗೂಡಿನ ಕೆಸರು ತುಳಿಯಬೇಡಿ. ಗೂಡು ಬಳಿದ ಮೇಲೆ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ, ಇಲಿ ಇರುವ ಕೋಳಿ ಗೂಡು ಬಳಿದದ್ದನ್ನು ಡಾಕ್ಟರಿಗೆ ನೀವಾಗಿಯೇ ಹೇಳಿ.

• ತಿಂಗಳಿಗೊಮ್ಮೆ, ಚಿಲಕ ಹಾಕಿದ ಮೇಲೆ, ಫೀಡರಿನ ಸುತ್ತ ಒಲೆಯ ಬೂದಿಯನ್ನು ತೆಳ್ಳಗೆ ಜರಡಿ ಹಿಡಿಯಿರಿ. ಬೆಳಿಗ್ಗೆ ಕೋಳಿ ಬಿಡುವ ಮುಂಚೆ ಹೋಗಿ ನೋಡಿ. ಸಾಲುಸಾಲು ಚಿಕ್ಕ ಹೆಜ್ಜೆ ಬಂದು ಹಾಗೇ ಮುಂದೆ ಹೋಗಿದ್ದರೆ ಇಲಿಗೆ ಅಲ್ಲಿ ಏನೂ ಸಿಕ್ಕಿಲ್ಲ. ಹೆಜ್ಜೆ ಫೀಡರಿನ ಬುಡದಲ್ಲಿ ಒಂದರ ಮೇಲೊಂದು ಬಿದ್ದು ಬೂದಿ ಕಲಸಿಹೋಗಿದ್ದರೆ ಎಲ್ಲೋ ಕಾಳು ಸೋರುತ್ತಿದೆ. ತಳದ ಜೋಡಣೆ, ಮುಚ್ಚಳದ ಎರಡು ತುದಿ, ಚಿಲಕದ ತೂತು, ಈ ನಾಲ್ಕು ಕಡೆ ಮೊದಲು ಹುಡುಕಿ, ಅಂದೇ ಸರಿಮಾಡಿಸಿ.